ಬ್ಲಪ್‌ಎಫ್90: ಬನ್ನೂರು ಕುರಿಗಳ ಲೆಕ್ಕಕ್ಕೆ ಕೂರಿಸಿ ನೋಡಿದ ಮೇಲೆ

ಜನ ಬನ್ನೂರು ಕುರಿ ಎಂದೇ ಕರೆಯುವ ಮಂಡ್ಯ ತಳಿಯ ಹಿಂಡಿನಲ್ಲಿ ಯಾವ ಟಗರನ್ನು ತಳಿಗೆ ಉಳಿಸಿಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ತೀರ್ಮಾನಿಸುವಾಗ ಆರು ತಿಂಗಳ ತೂಕ ನೋಡಿ ಭಾರವಾದದ್ದನ್ನು ಇಟ್ಟುಕೊಳ್ಳುವುದು ಹಳೆಯ ರೂಢಿ. ಆದರೆ ಹಸಿಮೇವು ಹೇರಳವಾಗಿರುವ ಕಾಲದಲ್ಲಿ ಒಂಟಿಯಾಗಿ ಹುಟ್ಟಿ ತಾಯಿಯ ಹಾಲನ್ನೆಲ್ಲ ತಾನೇ ಕುಡಿದ ಮರಿಯನ್ನೂ, ಬೇಸಿಗೆಯಲ್ಲಿ ಚೊಚ್ಚಲ ಕುರಿಗೆ ಅವಳಿಯಾಗಿ ಹುಟ್ಟಿದ ಮರಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಮೊದಲನೆಯದೇ ಗೆಲ್ಲುತ್ತದೆ, ಮತ್ತು ಆ ಗೆಲುವಿನಲ್ಲಿ ತಳಿಗುಣದ ಪಾಲೆಷ್ಟು ಎಂಬುದು ತಕ್ಕಡಿಗೆ ತಿಳಿಯುವುದಿಲ್ಲ. ಈ ಪಾಲನ್ನು ಬೇರ್ಪಡಿಸಿ ಕೊಡುವ ತಂತ್ರಾಂಶಗಳಲ್ಲಿ ಒಂದಾದ ಬ್ಲಪ್‌ಎಫ್90 ಅನ್ನು ಒಂದು ಹಿಂಡಿನ ಹಲವು ವರ್ಷಗಳ ದಾಖಲೆಗಳ ಮೇಲೆ ಓಡಿಸಿ ನೋಡಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಇಗ್ನಾಸಿ ಮಿಸ್ಟಾಲ್ ಮತ್ತು ಅವರ ಸಂಗಡಿಗರು ಫೋರ್ಟ್ರಾನ್ ಭಾಷೆಯಲ್ಲಿ ಕಟ್ಟಿದ ಹಲವು ಪ್ರೋಗ್ರಾಂಗಳ ಕುಟುಂಬವಿದು. ಸಂಶೋಧನೆಗೆ ಉಚಿತ, ವಾಣಿಜ್ಯ ಬಳಕೆಗೆ ಅನುಮತಿ ಬೇಕು. ಇದರ ತಳಹದಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಿ. ಆರ್. ಹೆಂಡರ್ಸನ್ ರೂಪಿಸಿದ ಬ್ಲಪ್ ಎಂಬ ಸಂಖ್ಯಾಶಾಸ್ತ್ರ ವಿಧಾನ. ಹುಟ್ಟಿದ ಋತು, ಲಿಂಗ, ಒಂಟಿ-ಅವಳಿ, ತಾಯಿಯ ವಯಸ್ಸು ಇವುಗಳ ಪ್ರಭಾವವನ್ನು ಅಂದಾಜಿಸುತ್ತಲೇ, ಅಣ್ಣತಮ್ಮಂದಿರು, ಮಲಸಹೋದರರು, ಅಜ್ಜ-ಅಜ್ಜಿಯರ ದಾಖಲೆಗಳನ್ನೆಲ್ಲ ಸೇರಿಸಿ ಪ್ರತಿಯೊಂದು ಪ್ರಾಣಿಯ ತಳಿಮೌಲ್ಯವನ್ನು, ಅಂದರೆ ತಳಿಗುಣದ ದೃಷ್ಟಿಯಿಂದ ಅದರ ಬೆಲೆಯನ್ನು, ಅದು ಲೆಕ್ಕಹಾಕುತ್ತದೆ. ಈ ಲೆಕ್ಕಕ್ಕೆ ಬೇಕಾದ, ಪ್ರಾಣಿಗಳ ನೆಂಟಸ್ತಿಕೆಯ ಕೋಷ್ಟಕದ ವಿಲೋಮವನ್ನು (ಇನ್ವರ್ಸ್) ವಂಶಾವಳಿಯಿಂದ ನೇರವಾಗಿ ಬರೆಯುವ ನಿಯಮಗಳನ್ನು ಹೆಂಡರ್ಸನ್ 1976ರಲ್ಲಿ ಪ್ರಕಟಿಸದಿದ್ದರೆ ಲಕ್ಷಾಂತರ ಪ್ರಾಣಿಗಳ ಲೆಕ್ಕ ಗಣಕಯಂತ್ರಕ್ಕೂ ಎಟುಕುತ್ತಿರಲಿಲ್ಲ.

ಬಳಸುವ ಬಗೆ ಮಾತ್ರ ಹಳೆಯ ಕಾಲದ್ದು. ಗುಂಡಿಗಳಿಲ್ಲ, ಕಿಟಕಿಗಳಿಲ್ಲ, ಕಪ್ಪು ಪರದೆಯಲ್ಲಿ ಕಮಾಂಡ್ ಕೊಡಬೇಕು. ಒಂದು ಪ್ಯಾರಾಮೀಟರ್ ಕಡತದಲ್ಲಿ ದತ್ತಾಂಶದ ಯಾವ ಕಾಲಂ ಯಾವ ಗುಣ, ಯಾವುದು ಋತು, ಯಾವುದು ಪ್ರಾಣಿ ಎಂದು ಬರೆದು ಇದೇ ಕುಟುಂಬದ ರೆನಮ್‌ಎಫ್90ಗೆ ಒಪ್ಪಿಸಿದರೆ, ಅದು ಕಿವಿಯೋಲೆ ಸಂಖ್ಯೆಗಳನ್ನೆಲ್ಲ ಒಂದರಿಂದ ಆರಂಭಿಸಿ ಮರುಎಣಿಸಿ ಮುಂದಿನ ಪ್ರೋಗ್ರಾಂಗೆ ಅಣಿಮಾಡಿಕೊಡುತ್ತದೆ. ವಂಶಾವಳಿಯನ್ನು ಎಷ್ಟು ತಲೆಮಾರು ಹಿಂದಕ್ಕೆ ಹಿಡಿಯಬೇಕೆಂದು ನೀವು ಹೇಳದಿದ್ದರೆ ಮೂರಕ್ಕೇ ನಿಲ್ಲುತ್ತದೆ ಎಂಬುದನ್ನು ಹೊಸಬರು ಮೊದಲ ದಿನವೇ ತಿಳಿದಿರುವುದು ಒಳ್ಳೆಯದು.

ನನ್ನ ಮೊದಲ ಎಡವಟ್ಟು ಇಲ್ಲಿಯೇ ಆಯಿತು. ಟಗರಿಗೆ ಬಿಟ್ಟ ಪ್ರತಿ ಕುರಿ ಹಾಕಿದ ಮರಿಗಳ ಸಂಖ್ಯೆಯನ್ನು 0, 1, 2 ಎಂದು ನಮೂದಿಸಿದ್ದೆ. ಈ ತಂತ್ರಾಂಶದಲ್ಲಿ ಬೇರೆ ಸೂಚನೆಯಿಲ್ಲದಿದ್ದರೆ ಸೊನ್ನೆ ಎಂದರೆ ದಾಖಲೆ ಇಲ್ಲ ಎಂದರ್ಥ. ಹಾಗಾಗಿ ಗೊಡ್ಡು ಉಳಿದ ಕುರಿಗಳೆಲ್ಲ ಸದ್ದಿಲ್ಲದೆ ಲೆಕ್ಕದಿಂದ ಜಾರಿಹೋದವು, ಉಳಿದವುಗಳ ಮೇಲೆ ಬಂದ ಉತ್ತರ ನೋಡಲು ಸಂಭಾವಿತವಾಗಿಯೇ ಇತ್ತು. ದಾಖಲೆಗಳ ಎಣಿಕೆ ಕಡಿಮೆಯಾಗಿರುವುದನ್ನು ಎರಡು ವಾರದ ನಂತರ ಗಮನಿಸಿದೆ. ಕೈಪಿಡಿಯಲ್ಲಿ ಇದು ಬರೆದೇ ಇದೆ, ಇಲ್ಲದ ದಾಖಲೆಗೆ -999 ಎಂದು ಸೂಚಿಸುವ ಒಂದು ಸಾಲು ಸೇರಿಸಿದರೆ ಮುಗಿಯಿತು. ಓದದಿದ್ದ ತಪ್ಪು ನನ್ನದು. ಆದರೂ ಇಂಥ ಕಡೆ ಪರದೆಯ ಮೇಲೊಂದು ಎಚ್ಚರಿಕೆ ಮೂಡಬಾರದೇ ಎನ್ನಿಸದಿರಲಿಲ್ಲ.

ಇದರ ನಿಜವಾದ ಬಲ ಕಂಡದ್ದು ತಾಯಿಯ ಪ್ರಭಾವವನ್ನು ಲೆಕ್ಕಕ್ಕೆ ತಂದಾಗ. ಹಾಲು ಬಿಡಿಸುವ ವಯಸ್ಸಿನ ತೂಕದಲ್ಲಿ ಮರಿಯ ಸ್ವಂತ ಬೆಳೆಯುವ ಶಕ್ತಿಯೂ ತಾಯಿಯ ಹಾಲಿನ ಶಕ್ತಿಯೂ ಬೆರೆತಿರುತ್ತವೆ. ಎರಡನೆಯದನ್ನು ಬಿಟ್ಟು ಮಾದರಿ ಕಟ್ಟಿದಾಗ ಮರಿಯ ಹೆರಿಟಬಿಲಿಟಿ, ಅಂದರೆ ತೂಕದ ವ್ಯತ್ಯಾಸದಲ್ಲಿ ತಳಿಗುಣದ ಪಾಲು, ಉಬ್ಬಿ ಕಾಣುತ್ತಿತ್ತು. ಸೇರಿಸಿದ ಮೇಲೆ ಇಳಿಯಿತು. ಇಂಥ ಮಾದರಿಯನ್ನು ಎರಡು ಸಾಲಿನ ಬದಲಾವಣೆಯಲ್ಲಿ ಬರೆಯಬಹುದೆಂಬುದು ಸಣ್ಣ ಅನುಕೂಲವಲ್ಲ. ವ್ಯತ್ಯಾಸಾಂಶಗಳ, ಅಂದರೆ ಒಟ್ಟು ವ್ಯತ್ಯಾಸದಲ್ಲಿ ತಳಿಗುಣ, ತಾಯಿ, ಪರಿಸರಗಳ ಪಾಲುಗಳ, ಅಂದಾಜಿಗೆ ರೆಮಲ್ ಎಂಬ ವಿಧಾನದಲ್ಲಿರುವ ಎರಡು ದಾರಿಗಳಲ್ಲಿ ಎಐ-ರೆಮಲ್ (ಎಐ ಎಂದರೆ ಇಲ್ಲಿ ಆವರೇಜ್ ಇನ್ಫರ್ಮೇಶನ್) ಚುರುಕು, ಆದರೆ ಆರಂಭದ ಬೆಲೆಗಳು ಅಡ್ಡಾದಿಡ್ಡಿಯಾಗಿದ್ದರೆ ದಾರಿ ತಪ್ಪುತ್ತದೆ. ಇಎಂ-ರೆಮಲ್ ಎತ್ತಿನ ಗಾಡಿಯಂತೆ ನಿಧಾನ, ಆದರೆ ಊರು ಮುಟ್ಟಿಸುತ್ತದೆ. ಮೊದಲ ಕೆಲವು ಸುತ್ತು ಇಎಂ, ಆಮೇಲೆ ಎಐ ಎಂದು ಹೊಂದಿಸುವ ಸೌಲಭ್ಯವನ್ನು ನಾನು ಹೆಚ್ಚಾಗಿ ಬಳಸಿದೆ. ಸಣ್ಣ ಹಿಂಡಿನಲ್ಲಿ ಮರಿಯ ಗುಣಕ್ಕೂ ತಾಯಿಯ ಗುಣಕ್ಕೂ ಇರುವ ಸಹಸಂಬಂಧವನ್ನು ಅಂದಾಜಿಸಲು ಹೋದರೆ ಮಾತ್ರ ನಂಬಲಾಗದ ದೊಡ್ಡ ಋಣಸಂಖ್ಯೆ ಬರಬಹುದು. ಅದು ತಂತ್ರಾಂಶದ ದೋಷವಲ್ಲ. ತಮ್ಮದೂ ತಮ್ಮ ಮರಿಗಳದೂ ತೂಕದ ದಾಖಲೆಯಿರುವ ತಾಯಂದಿರು ಸಾಕಷ್ಟಿಲ್ಲದಿದ್ದರೆ ಯಾವ ತಂತ್ರಾಂಶವೂ ಇದನ್ನು ಬಿಡಿಸಲಾರದು.

ಈ ಕುಟುಂಬಕ್ಕೆ ಜಗತ್ತಿನಾದ್ಯಂತ ಹೆಸರು ಬಂದದ್ದು ಏಕಹಂತದ ಜೀನೋಮಿಕ್ ಮೌಲ್ಯಮಾಪನದಿಂದ. ಮಾವಿಸೆನ್, ಹೇಯ್ಸ್ ಮತ್ತು ಗೊಡಾರ್ಡ್ 2001ರಲ್ಲಿ ಮುಂದಿಟ್ಟ ಜೀನೋಮಿಕ್ ಆಯ್ಕೆಯ, ಅಂದರೆ ಡಿಎನ್‌ಎ ಗುರುತುಗಳಿಂದ ತಳಿಮೌಲ್ಯ ಅಂದಾಜಿಸುವ, ವಿಚಾರವನ್ನು, ಡಿಎನ್‌ಎ ಪರೀಕ್ಷೆಯಾದ ಕೆಲವು ಪ್ರಾಣಿಗಳನ್ನೂ ಆಗದ ಬಹುಪಾಲನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸುವ ಮಟ್ಟಕ್ಕೆ ಲೆಗಾರಾ, ಅಗಿಲಾರ್, ಮಿಸ್ಟಾಲ್ 2009-10ರಲ್ಲಿ ತಂದರು. ಒಂದೆರಡು ನೂರು ಪ್ರಾಣಿಗಳನ್ನಷ್ಟೇ ಪರೀಕ್ಷಿಸಬಲ್ಲ ನಮ್ಮಂಥವರು ಇದರಿಂದ ನಿಖರತೆಯಲ್ಲಿ ಭಾರೀ ಜಿಗಿತ ನಿರೀಕ್ಷಿಸಬಾರದು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಡಿಎನ್‌ಎ ದತ್ತಾಂಶವನ್ನು ಅಣಿಗೊಳಿಸುವ ಇದೇ ಕುಟುಂಬದ ಪ್ರೀಜಿಎಸ್‌ಎಫ್90ಯ ತಪಾಸಣೆ: ತಂದೆಯೆಂದು ಬರೆದ ಟಗರಿಗೂ ಮರಿಗೂ ಜೀನೋಟೈಪ್ ಹೊಂದದಿದ್ದರೆ ಅದು ಪಟ್ಟಿಮಾಡಿ ತೋರಿಸುತ್ತದೆ. ಎರಡು ಟಗರುಗಳು ಒಂದೇ ರೊಪ್ಪದಲ್ಲಿ ರಾತ್ರಿ ಕಳೆದ ಪರಿಣಾಮವನ್ನು ಯಾವ ದಾಖಲೆ ಪುಸ್ತಕವೂ ಹೇಳುವುದಿಲ್ಲ.

ಮನೆಗೊಂದೆರಡು ಮಿಶ್ರತಳಿ ಹಸುಗಳಿರುವ ನಮ್ಮ ಹಳ್ಳಿಗಳ ಹಾಲಿನ ದತ್ತಾಂಶಕ್ಕೂ ಇದನ್ನು ಬಳಸಬಹುದು, ಆದರೆ ಮನೆಯನ್ನೇ ಹಿಂಡೆಂದು ಹಿಡಿದರೆ ಹೋಲಿಸಲು ಜೊತೆಯ ಹಸುವೇ ಸಿಗದು. ಹಳ್ಳಿ, ವರ್ಷ, ಋತು ಸೇರಿಸಿ ಗುಂಪು ಮಾಡಬೇಕು, ಮತ್ತು ಹಲವು ಹಳ್ಳಿಗಳಲ್ಲಿ ಮಕ್ಕಳಿರುವ ಹೋರಿಗಳು ಆ ಗುಂಪುಗಳನ್ನು ಬೆಸೆಯಬೇಕು.

ಇಂಥದ್ದೇ ಕೆಲಸದ ಬೇರೆ ತಂತ್ರಾಂಶಗಳಲ್ಲಿ ಕರಿನ್ ಮೇಯರ್ ಅವರ ವೊಂಬ್ಯಾಟ್ ಕೂಡ ಉಚಿತ. ವ್ಯತ್ಯಾಸಾಂಶಗಳ ಅಂದಾಜಷ್ಟೇ ಬೇಕಿದ್ದು ಹಿಂಡು ಸಣ್ಣದಾಗಿದ್ದರೆ ಹೊಸ ವಿದ್ಯಾರ್ಥಿಗೆ ನಾನು ಅದನ್ನೇ ಮೊದಲು ಕೊಡುತ್ತೇನೆ. ಎಎಸ್‌ರೆಮಲ್ ಹಣ ಕೇಳುತ್ತದೆ. ಡಿಎನ್‌ಎ ದತ್ತಾಂಶವೂ ಸೇರುವ ಯೋಜನೆಯಿದ್ದರೆ ಮಾತ್ರ ಬ್ಲಪ್‌ಎಫ್90 ಕಲಿಯಲು ಎರಡು ತಿಂಗಳು ಎತ್ತಿಡುವುದು ಸಾರ್ಥಕ. ಉತ್ತರದ ಕಡತ ಮರುಎಣಿಸಿದ ಸಂಖ್ಯೆಗಳಲ್ಲಿ ಬರುವುದು ಮೊದಲು ಕಿರಿಕಿರಿಯೆನಿಸಿದರೂ, ಹೊಸ ಆವೃತ್ತಿಯಲ್ಲಿ ಮೂಲ ಸಂಖ್ಯೆಯನ್ನೇ ಕೇಳಿ ಪಡೆಯಬಹುದು. ಹಾಗೆ ಪಡೆದ ಪಟ್ಟಿಯ ಮೇಲ್ಭಾಗದಲ್ಲಿ, ತಕ್ಕಡಿಯ ಲೆಕ್ಕದಲ್ಲಾದರೆ ಮಾರಾಟಕ್ಕೆ ಹೋಗುತ್ತಿದ್ದ ಒಂದು ಅವಳಿ ಟಗರು ಇತ್ತು. ಅದನ್ನು ಉಳಿಸಿಕೊಂಡಿದ್ದೇವೆ, ಅದರ ಮರಿಗಳ ಆರು ತಿಂಗಳ ತೂಕ ಇನ್ನೂ ಬರಬೇಕಿದೆ.