ಪೆಂಡಾಲಿನ ಗುಂಯ್ ಸದ್ದಿನಿಂದ ಬಿಡುಗಡೆ: ಗಿಟಾರಿನ ಹಾಟ್ ರೇಲ್ಸ್ ಪಿಕಪ್ ಜೊತೆ ನಾಲ್ಕು ವರ್ಷ

ದಾವಣಗೆರೆ, ಹರಿಹರ, ರಾಣೆಬೆನ್ನೂರು ಸುತ್ತಿನ ಆರ್ಕೆಸ್ಟ್ರಾಗಳಲ್ಲಿ ನಾನು ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ಕಾರ್ಯಕ್ರಮಗಳು ಮುಗಿಯುವವರೆಗೆ ರಾತ್ರಿಗಳೆಲ್ಲ ಪೆಂಡಾಲಿನಲ್ಲೇ. ವೇದಿಕೆಯ ಒಂದು ಮಗ್ಗುಲಿಗೆ ಜನರೇಟರ್, ಇನ್ನೊಂದಕ್ಕೆ ಬಣ್ಣದ ದೀಪಗಳ ಡಿಮ್ಮರ್ ಪೆಟ್ಟಿಗೆ. ನನ್ನ ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿದ್ದ, ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಮೂರೂ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗಳು ಇವೆರಡರ ಸದ್ದನ್ನೂ ಹೀರಿಕೊಂಡು ಸ್ಪೀಕರಿಗೆ ಕಳಿಸುತ್ತಿದ್ದವು. ಗಾಯಕಿ ಪಲ್ಲವಿಗೆ ಮುನ್ನ ಉಸಿರು ತೆಗೆದುಕೊಳ್ಳುವ ಆ ಮೌನದಲ್ಲಿ ನನ್ನ ಗಿಟಾರ್ ಮಾತ್ರ ಗುಂಯ್‌ಗುಡುವಾಗ ಆಗುತ್ತಿದ್ದ ಸಂಕಟ ನುಡಿಸುವವರಿಗೇ ಗೊತ್ತು.

ನಾಲ್ಕು ವರ್ಷಗಳ ಹಿಂದೆ ಬ್ರಿಜ್ ಪಿಕಪ್ (ತಂತಿಗಳನ್ನು ಹೊತ್ತ ಬ್ರಿಜ್ ಪಕ್ಕದ್ದು) ತೆಗೆಸಿ ಸೀಮೋರ್ ಡಂಕನ್ ಕಂಪನಿಯ ಹಾಟ್ ರೇಲ್ಸ್ ಹಾಕಿಸಿದೆ. ಗಾತ್ರದಲ್ಲಿ ಇದು ಸಿಂಗಲ್ ಕಾಯಿಲ್‌ನಷ್ಟೇ. ಗಿಟಾರಿನ ಮರವನ್ನಾಗಲಿ ಪ್ಲಾಸ್ಟಿಕ್ ಹಲಗೆಯನ್ನಾಗಲಿ ಕೊರೆಯಬೇಕಿಲ್ಲ. ಆದರೆ ಒಳಗೆ ಎರಡು ಸುರುಳಿಗಳಿವೆ. ಎರಡನ್ನೂ ಸುತ್ತಿರುವ ದಿಕ್ಕೂ ಆಯಸ್ಕಾಂತದ ದಿಕ್ಕೂ ಪರಸ್ಪರ ವಿರುದ್ಧವಾಗಿರುವುದರಿಂದ ತಂತಿಯ ನಾದ ಕೂಡಿಕೊಳ್ಳುತ್ತದೆ, ಹೊರಗಿನಿಂದ ಬರುವ 50 ಹರ್ಟ್ಸ್ ವಿದ್ಯುತ್ತಿನ ಸದ್ದು ಕಳೆದುಹೋಗುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, ಗುಂಯ್ ಸದ್ದು ಅಳಿಸುವ ಜೋಡಿ ಸುರುಳಿ ಪಿಕಪ್ ಆದ ಹಮ್‌ಬಕರ್‌ನ ತತ್ವವೇ ಇದು. ಮೊದಲ ರಾತ್ರಿ ವಾಲ್ಯೂಮ್ ಪೂರ್ತಿ ಏರಿಸಿ ಕೈಯಿಂದ ತಂತಿ ಮುಚ್ಚಿದೆ. ನಿಶ್ಶಬ್ದ. ಕೀಬೋರ್ಡ್ ನುಡಿಸುವವರು ನನ್ನ ಕೇಬಲ್ ಕಳಚಿದೆಯೇನೋ ಎಂದು ತಿರುಗಿ ನೋಡಿದರು. ಹಾಗೆಂದು ವೇದಿಕೆಯ ಅರ್ತಿಂಗ್ ಕೆಟ್ಟಿದ್ದರೆ ಬರುವ ಸದ್ದನ್ನು ಯಾವ ಪಿಕಪ್ಪೂ ತಡೆಯಲಾರದು. ಅದಕ್ಕೆ ಎಲೆಕ್ಟ್ರಿಷಿಯನ್‌ನನ್ನೇ ಕರೆಯಬೇಕು.

ನಾನು ನಿರೀಕ್ಷಿಸದೇ ಇದ್ದ ಲಾಭ ಇನ್ನೊಂದು. ಪ್ರತಿ ತಂತಿಯ ಕೆಳಗೂ ಒಂದೊಂದು ಲೋಹದ ಗುಂಡಿಯಿರುವ ಪಿಕಪ್‌ನಲ್ಲಿ ತಂತಿಯನ್ನು ಎಳೆದಾಗ ಅದು ಗುಂಡಿಯ ಮೇಲಿನಿಂದ ಸರಿದು ನಾದ ತುಸು ಸೊರಗುತ್ತದೆ. ಇಲ್ಲಿ ಗುಂಡಿಗಳ ಬದಲು ಉದ್ದಕ್ಕೂ ಎರಡು ಉಕ್ಕಿನ ಪಟ್ಟಿಗಳು. ನಮ್ಮ ಹಾಡುಗಳ ನಡುವಿನ ಸಂಗೀತದಲ್ಲಿ ಸ್ವರದಿಂದ ಸ್ವರಕ್ಕೆ ಜಾರಿಸಿ, ಎಳೆದು, ಅಲುಗಿಸಿ ನುಡಿಸುವುದೇ ಹೆಚ್ಚು. ಎಷ್ಟು ಎಳೆದರೂ ದನಿ ತಗ್ಗುವುದಿಲ್ಲ. ಈ ಒಂದು ಗುಣಕ್ಕಾಗಿಯೇ ನಾನಿದನ್ನು ಮತ್ತೆ ಕೊಳ್ಳುತ್ತೇನೆ.

ಕಳೆದುಕೊಂಡದ್ದೂ ಇದೆ. ಹಳೆಯ ಬ್ರಿಜ್ ಪಿಕಪ್‌ನ ಗಾಜಿನಂಥ ಮಿಂಚು ಇದರಲ್ಲಿಲ್ಲ. ಇದು ಸೆರಾಮಿಕ್ ಆಯಸ್ಕಾಂತದ, ದಪ್ಪ ದನಿಯ, ಬಿರುಸಿನ ಪಿಕಪ್. ಮೊದಲಿನ ಅಳತೆಯಲ್ಲೇ ಡಿಸ್ಟಾರ್ಷನ್ (ದನಿಯನ್ನು ಬೇಕೆಂದೇ ಒಡೆದು ಗಡುಸಾಗಿಸುವ ಪರಿಣಾಮ) ಇಟ್ಟಾಗ ಸ್ವರಗಳು ಒಂದರಲ್ಲೊಂದು ಕಲಸಿಹೋಗುತ್ತಿದ್ದವು. ಅದರ ಗೇನ್ (ಬಿರುಸಿನ ಮಟ್ಟ) ಅರ್ಧಕ್ಕೆ ಇಳಿಸಿ, ಪಿಕಪ್ಪನ್ನು ತಂತಿಯಿಂದ ಇನ್ನೊಂದು ಮಿಲಿಮೀಟರ್ ಕೆಳಗಿಳಿಸಿದ ಮೇಲೆ ಸರಿಹೋಯಿತು. ಹಮ್‌ಬಕರ್‌ಗೆ 500ಕೆ (5 ಲಕ್ಷ ಓಮ್) ಪಾಟ್, ಅಂದರೆ ವಾಲ್ಯೂಮ್ ತಿರುಪಿನ ಭಾಗ, ಹಾಕುವುದು ವಾಡಿಕೆ. ನಾನು ಗಿಟಾರಿನಲ್ಲಿದ್ದ 250ಕೆ ಪಾಟನ್ನೇ ಉಳಿಸಿಕೊಂಡೆ. ಮೇಲಿನ ಸ್ವರಗಳ ಚೂಪು ಕೊಂಚ ಮೊಂಡಾಗಿ, ಪಕ್ಕದ ಸಿಂಗಲ್ ಕಾಯಿಲ್‌ಗಳ ಜೊತೆ ಹೊಂದಿಕೊಂಡಿತು.

ಜೋಡಣೆಯಲ್ಲಿ ಎಚ್ಚರ ಬೇಕು. ಮೊದಲು ಬೆಸುಗೆ ಹಾಕಿಕೊಟ್ಟ ಅಂಗಡಿಯವರು ಪಿಕಪ್ಪುಗಳ ವಿದ್ಯುತ್ ದಿಕ್ಕು ಹೊಂದುತ್ತದೆಯೇ ಎಂದು ನೋಡಿರಲಿಲ್ಲ. ಬ್ರಿಜ್ ಮತ್ತು ನಡುವಿನ ಪಿಕಪ್ ಒಟ್ಟಿಗೆ ಸೇರಿದರೆ ದನಿ ತಗಡು ಬಡಿದಂತೆ ಸಣ್ಣಗಾಗುತ್ತಿತ್ತು. ಹೊಸ ಪಿಕಪ್ಪಿನಿಂದ ಬರುವ ಕಪ್ಪು ಮತ್ತು ಹಸಿರು ವೈರುಗಳನ್ನು ಅದಲುಬದಲು ಮಾಡಿದಾಗ ತುಂಬು ನಾದ ಬಂತು. ಕೆಂಪು, ಬಿಳಿ ಒಟ್ಟಿಗೇ ಇರಬೇಕು. ಹೊದಿಕೆಯಿಲ್ಲದ ವೈರು ಯಾವಾಗಲೂ ಗ್ರೌಂಡಿಗೆ.

ಕೊಳ್ಳುವ ಮುನ್ನ ಪಿಕಪ್ಪುಗಳ ಓಮ್ (ವಿದ್ಯುತ್ ತಡೆಯ ಅಳತೆ) ಸಂಖ್ಯೆಗಳನ್ನು ಹೋಲಿಸುತ್ತ ನಾನು ಎಷ್ಟೋ ದಿನ ಕಳೆದೆ. ಇದರದು 16 ಸಾವಿರಕ್ಕೂ ಹೆಚ್ಚು, ಸಾಮಾನ್ಯ ಸ್ಟ್ರಾಟ್ ಪಿಕಪ್‌ನದು 6 ಸಾವಿರದ ಆಸುಪಾಸು. ಆದರೆ ಸುರುಳಿಗೆ ಸುತ್ತಿದ ತಂತಿ ತೆಳುವಾದರೂ ಈ ಸಂಖ್ಯೆ ಏರುತ್ತದೆ. ಅದೊಂದರಿಂದ ದನಿಯ ಗುಣ ತಿಳಿಯುವುದಿಲ್ಲ. ಎಲ್ಲಿ ನುಡಿಸುತ್ತೀರಿ, ಯಾವ ಹಾಡು ನುಡಿಸುತ್ತೀರಿ ಎಂಬುದನ್ನು ಮೊದಲು ಕೇಳಿಕೊಳ್ಳಿ. ಮನೆಯ ಕೋಣೆಯಲ್ಲಿ ಸಣ್ಣ ಆಂಪ್ಲಿಫೈಯರಿನಲ್ಲಿ ತಿಳಿಯಾದ ದನಿ ಬಯಸುವವರಿಗೆ ಇದನ್ನು ನಾನು ಹೇಳುವುದಿಲ್ಲ.

ಗಿಟಾರಿನ ಕುತ್ತಿಗೆಯ ಕಡೆಯ ನೆಕ್ ಪಿಕಪ್ಪನ್ನು ಬದಲಿಸಿಲ್ಲ. ಭಾವಗೀತೆಯ ಆರಂಭಕ್ಕೆ ಆ ದುಂಡು ದನಿಯೇ ಬೇಕು. ಅದು ಇಂದಿಗೂ ಗುಂಯ್‌ಗುಡುತ್ತದೆ. ಆ ನಾಲ್ಕು ಸಾಲು ಮುಗಿದ ಕೂಡಲೇ ಸ್ವಿಚ್ಚನ್ನು ಬ್ರಿಜ್ ಕಡೆಗೆ ತಳ್ಳುತ್ತೇನೆ.