ಹಳೇ ನೆಕ್ಸಾನ್ ಈವಿ, ಹೊಸ ಪಂಚ್ ಈವಿ: ನನ್ನ ಓಟು ಹಳೇದಕ್ಕೇ

ಮೊದಲೇ ಹೇಳಿಬಿಡುತ್ತೇನೆ. ನಾನು ಹಳೇ ಕಾರು ತಗೊಂಡವನು, ತಗೊಂಡು ಖುಷಿಯಾಗಿರುವವನು. ತಕ್ಕಡಿ ಹಿಡಿದು ತೂಗಿದ ಹೋಲಿಕೆ ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ.

ನನ್ನದು 2021ರ ಆಗಸ್ಟ್‌ನಲ್ಲಿ ನೋಂದಣಿಯಾದ ನೆಕ್ಸಾನ್ ಈವಿ, ಟಾಟಾದ ಎಲೆಕ್ಟ್ರಿಕ್ ಕಾರು. 42,000 ಕಿ.ಮೀ. ಓಡಿತ್ತು. 2025ರ ಜೂನ್‌ನಲ್ಲಿ ಬೆಂಗಳೂರಿನ ಬನಶಂಕರಿಯಿಂದ 8 ಲಕ್ಷದ 20 ಸಾವಿರಕ್ಕೆ ತಂದೆ. ಅದೇ ತಿಂಗಳು ನನ್ನ ಭಾವಮೈದ ಹೊಸ ಪಂಚ್ ಈವಿ ತಗೊಂಡ, ಅದೂ ಟಾಟಾದ್ದೇ, 35 ಯೂನಿಟ್ ಕರೆಂಟು ಹಿಡಿಯುವ ಬ್ಯಾಟರಿಯದು. ಮನೆ ಮುಂದೆ ನಿಲ್ಲುವಷ್ಟರಲ್ಲಿ 14 ಲಕ್ಷ ದಾಟಿತ್ತು. ದಸರಾ ರಜೆಯಲ್ಲಿ ಹತ್ತು ದಿನ ಕಾರು ಅದಲು ಬದಲು ಮಾಡಿಕೊಂಡು ಓಡಿಸಿದೆವು. ಕೊನೆಯ ದಿನ ಅವನೂ ನನ್ನ ಕಾರಿನ ಹಿಂದಿನ ಸೀಟಲ್ಲಿ ಕಾಲು ಚಾಚಿ ಕೂತು, "ಭಾವ, ಇದೇ ಅಗಲವಾಗಿದೆ" ಅಂದ.

ನನ್ನ ಓಡಾಟ ಹೇಳಿದರೆ ಲೆಕ್ಕ ಅರ್ಥವಾಗುತ್ತದೆ. ಮನೆ ಮೈಸೂರಿನ ಕುವೆಂಪುನಗರ, ಕೆಲಸ ನಂಜನಗೂಡು ಕೈಗಾರಿಕಾ ಪ್ರದೇಶ. ಹೋಗಿ ಬರಲು 45 ಕಿ.ಮೀ. ತಿಂಗಳಿಗೊಮ್ಮೆ ಅರಕಲಗೂಡು ಕಡೆಯ ನಮ್ಮ ಹಳ್ಳಿ, ಒಂದು ಕಡೆಗೇ ನೂರು ಕಿ.ಮೀ. ಎಲ್ಲ ಸೇರಿ ತಿಂಗಳಿಗೆ 1,200 ಆಸುಪಾಸು.

ಕಾಯುವ ಕೆಲಸವನ್ನೂ ನಾನು ಮಾಡಿ ನೋಡಿದ್ದೇನೆ. 2023ರ ಕೊನೆಯಿಂದ ಹದಿನೆಂಟು ತಿಂಗಳು ಕಾದೆ. ಬೆಲೆ ಇಳಿಯುತ್ತೆ, ಹೊಸ ಮಾಡೆಲ್ ಬರುತ್ತೆ ಅಂತ. ಬಂದವು ಕೂಡ. 2024ರ ಜನವರಿಯಲ್ಲಿ ಪಂಚ್ ಈವಿ ಬಂತು. ಸೆಪ್ಟೆಂಬರ್‌ನಲ್ಲಿ ಎಂಜಿ ವಿಂಡ್ಸರ್ ಬಂತು, 9.99 ಲಕ್ಷಕ್ಕೆ ಕಾರು, ಬ್ಯಾಟರಿಗೆ ಕಿ.ಮೀ.ಗೆ 3.50 ರೂಪಾಯಿ ಬಾಡಿಗೆ. ನನ್ನ ಓಡಾಟಕ್ಕೆ ಬಾಡಿಗೆಯೇ ತಿಂಗಳಿಗೆ 4,200, ಕರೆಂಟು ಬೇರೆ. ಕೈಬಿಟ್ಟೆ. ಒಂದು ಬಂದರೆ ಅದರ ಹಿಂದೆ ಇನ್ನೊಂದರ ಸುದ್ದಿ ಇದ್ದೇ ಇರುತ್ತದೆ. ಅಷ್ಟರಲ್ಲಿ ನನ್ನ ಹಳೇ ಪೆಟ್ರೋಲ್ ಕಾರು ತಿಂಗಳಿಗೆ 80 ಲೀಟರ್ ಕುಡಿಯುತ್ತಿತ್ತು, ಎಂಟು ಸಾವಿರದ ಮೇಲೆ ಖರ್ಚು. ಸುಮ್ನೆ ಕಾಯುತ್ತಾ ಕೂತಿದ್ದಕ್ಕೆ ಒಂದು ಲಕ್ಷವಾದರೂ ಕೈಬಿಟ್ಟುಹೋಯಿತು. ಇದನ್ನು ಯಾವ ಶೋರೂಮಿನವರೂ ಲೆಕ್ಕ ಹಾಕಿ ತೋರಿಸುವುದಿಲ್ಲ ಅಲ್ವಾ?

ಹಳೇದರ ಬೆಲೆಯ ಗುಟ್ಟು ಇಷ್ಟೇ. ನೆಕ್ಸಾನ್ ಈವಿ 2020ರ ಜನವರಿಯಲ್ಲಿ ಬಂದಾಗ ಶೋರೂಮ್ ಬೆಲೆ 13.99 ಲಕ್ಷದಿಂದ ಶುರುವಾಗುತ್ತಿತ್ತು. ನಾಲ್ಕು ವರ್ಷದಲ್ಲಿ ಬಿದ್ದ ಬೆಲೆಯನ್ನೆಲ್ಲ ಮೊದಲ ಮಾಲೀಕರು ಹೊತ್ತಿದ್ದಾರೆ. ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ. ಅಂದರೆ ನನಗೆ 2029ರ ಆಗಸ್ಟ್‌ವರೆಗೆ ಚಿಂತೆಯಿಲ್ಲ. ಆಮೇಲೆ? ಆಮೇಲಿನದು ಆಮೇಲೆ. ಎಂಟು ಲಕ್ಷದ ಕಾರಿಗೆ ಅಷ್ಟು ಧೈರ್ಯ ಮಾಡಬಹುದು, ಹದಿನಾಲ್ಕು ಲಕ್ಷಕ್ಕೆ ನನ್ನಿಂದ ಆಗುತ್ತಿರಲಿಲ್ಲ.

ಬ್ಯಾಟರಿ ಹೇಗಿದೆ ಅಂತ ನೋಡಲು ನಾನು ಎರಡು ಕೆಲಸ ಮಾಡಿದೆ. ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಆರೋಗ್ಯದ ರಿಪೋರ್ಟ್ ತೆಗೆಸಿ ಕೊಡಿ, ಇಲ್ಲದಿದ್ದರೆ ಅಡ್ವಾನ್ಸ್ ಕೊಡಲ್ಲ ಅಂದೆ. ಶೇ 93 ಅಂತ ಬಂತು. ಎರಡನೆಯದು, ಟ್ರಕ್ಕಿನಲ್ಲಿ ಕಳಿಸುವುದು ಬೇಡ ಅಂತ ನಾನೇ ಓಡಿಸಿಕೊಂಡು ಬಂದೆ. ಬನಶಂಕರಿಯಲ್ಲಿ ನೂರಕ್ಕೆ ನೂರು ಚಾರ್ಜು, ಏಸಿ ಹಾಕಿಕೊಂಡು 80ರ ವೇಗ. ಮನೆ ಗೇಟಿನ ಹತ್ತಿರ ಶೇ 24 ಉಳಿದಿತ್ತು. ಬೆಂಗಳೂರು ಮೈಸೂರಿಗಿಂತ ಎತ್ತರದಲ್ಲಿದೆ, ಹಾಗಾಗಿ ಬರುವಾಗ ಸ್ವಲ್ಪ ಲಾಭ, ಹೋಗುವಾಗ ಸ್ವಲ್ಪ ನಷ್ಟ. ರಿಪೋರ್ಟಿಗಿಂತ ಈ ಓಟವೇ ನನಗೆ ಜಾಸ್ತಿ ನಂಬಿಕೆ ತಂದಿತು.

ಒಂದು ಕಿವಿಮಾತು. ಈ ಕಾರಿನದು ಲಿಥಿಯಂ ಐರನ್ ಫಾಸ್ಫೇಟ್, ಚಿಕ್ಕದಾಗಿ ಎಲ್‌ಎಫ್‌ಪಿ ಬ್ಯಾಟರಿ. ಇದರ ವೋಲ್ಟೇಜು ತುಂಬಿದ್ದರೂ ಅರ್ಧ ಇದ್ದರೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ, ಆದ್ದರಿಂದ ಆಗಾಗ ನೂರರವರೆಗೆ ನಿಧಾನವಾಗಿ ಚಾರ್ಜ್ ಮಾಡದಿದ್ದರೆ ಮೀಟರಿಗೇ ಲೆಕ್ಕ ತಪ್ಪುತ್ತದೆ. ಮೊದಲ ಮಾಲೀಕರು ಯಾರೋ ಹೇಳಿದರು ಅಂತ ಯಾವಾಗಲೂ 80ಕ್ಕೆ ನಿಲ್ಲಿಸುತ್ತಿದ್ದರಂತೆ. ನನಗೆ ಮೊದಲ ವಾರ ಶೇ 28 ಇದ್ದದ್ದು ಇದ್ದಕ್ಕಿದ್ದ ಹಾಗೆ 19 ಆಗಿ ಎದೆ ಧಸಕ್ ಅಂದಿತು. ನಾಲ್ಕೈದು ಸಲ ಪೂರ್ತಿ ತುಂಬಿಸಿದ ಮೇಲೆ ಸರಿಹೋಯಿತು.

ಈಗ ನನ್ನನ್ನು ಆರು ದಿನ ಕಾಡಿಸಿದ ವಿಷಯಕ್ಕೆ ಬರುತ್ತೇನೆ. ಹಳೇ ಈವಿ ತಗೊಳ್ಳುವವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಕಾರು ತಂದ ರಾತ್ರಿ ಪೂಜೆ ಆಯಿತು, ನಿಂಬೆಹಣ್ಣು ಚಪ್ಪಟೆಯಾಯಿತು, ಹತ್ತು ಗಂಟೆಗೆ ಪೋರ್ಟಿಕೋದ 15 ಆ್ಯಂಪ್ ಸಾಕೆಟ್ಟಿಗೆ ಚಾರ್ಜರ್ ಸಿಕ್ಕಿಸಿದೆ. ಹಸಿರು ಬಂತು. ಎಣಿಸಿ ಐದು ಸೆಕೆಂಡಿಗೆ ಕೆಂಪು. ತೆಗೆದು ಮತ್ತೆ ಹಾಕಿದೆ, ಮತ್ತೆ ಕೆಂಪು. ಅಡುಗೆಮನೆಯ ಸಾಕೆಟ್ಟಿನಿಂದ ವೈರು ಎಳೆದೆ, ಅಲ್ಲೂ ಕೆಂಪು. ನಾನು ಹೀಗೆ ಒದ್ದಾಡುತ್ತಿರುವಾಗ ಫೋನ್ ಬಂತು. ನೋಡಿದರೆ ಕಾರು ಮಾರಿದವರು. "ಸಾರ್, ನಿಮ್ಮ ಕಾರು ಚಾರ್ಜ್ ಆಗ್ತಾ ಇಲ್ವಂತೆ. ನನಗೆ ನಾಲ್ಕು ಸಲ ಮೆಸೇಜ್ ಬಂತು." ಕಾರಿನ ಆ್ಯಪ್ ಇನ್ನೂ ಅವರ ನಂಬರಿನಲ್ಲೇ ಇತ್ತು. ಕಾಗದಪತ್ರ, ಬ್ಯಾಂಕಿನ ಎನ್ಒಸಿ, ಫಾರಂ 29, 30 ಎಲ್ಲ ಮುಗಿಸಿದ್ದೆವು. ಆ್ಯಪ್ ಮಾತ್ರ ಇಬ್ಬರಿಗೂ ನೆನಪಾಗಿರಲಿಲ್ಲ.

ಮಾರನೇ ದಿನ ಬಂದ ಎಲೆಕ್ಟ್ರಿಷಿಯನ್ ಹುಡುಗ ಟೆಸ್ಟರ್ ಹಿಡಿದು ನೋಡಿ ನಕ್ಕ. "ಅರ್ಥಿಂಗ್ ಇಲ್ಲ ಸಾರ್. ನ್ಯೂಟ್ರಲ್ಲಿಂದಾನೇ ಅರ್ಥ್ ಪಿನ್ನಿಗೆ ಒಂದು ಲೂಪ್ ಹಾಕ್ಬಿಡ್ತೀನಿ. ಐದು ನಿಮಿಷ." ದಯವಿಟ್ಟು ಇದಕ್ಕೆ ಒಪ್ಪಬೇಡಿ. ಚಾರ್ಜರ್ ಮೋಸಹೋಗುತ್ತದೆ, ಹಸಿರು ದೀಪ ಬರುತ್ತದೆ, ನಿಜ. ಆದರೆ ಮುಂದೊಂದು ದಿನ ನ್ಯೂಟ್ರಲ್ ವೈರು ಎಲ್ಲಾದರೂ ಕಳಚಿದರೆ ಕಾರಿನ ಮೈಗೆಲ್ಲ ಕರೆಂಟು ಬರುತ್ತದೆ. ಮಳೆಗಾಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟುವವರು ಮನೆಯ ಮಕ್ಕಳೇ. ಅವನಿಗೆ ಇನ್ನೂರು ರೂಪಾಯಿ ಕೊಟ್ಟು ಕಳಿಸಿದೆ.

ಎರಡನೆಯವರು ವಯಸ್ಸಾದವರು, ಕೈಯಲ್ಲಿ ಮಲ್ಟಿಮೀಟರ್ ಇತ್ತು. ಫೇಸಿಗೂ ನ್ಯೂಟ್ರಲ್ಲಿಗೂ 228 ವೋಲ್ಟ್. ಫೇಸಿಗೂ ಅರ್ಥಿಗೂ 190. ನ್ಯೂಟ್ರಲ್ಲಿಗೂ ಅರ್ಥಿಗೂ 38. "ಈ ಮೂರನೇದು ಒಂದೆರಡರಲ್ಲಿ ಇರಬೇಕು, ನಿಮ್ಮದು ಮೂವತ್ತೆಂಟು" ಅಂದರು. "ಅರ್ಥಿಂಗ್ ಗುಂಡಿ ಎಲ್ಲಿದೆ?" ಗುಂಡಿ ಪೋರ್ಟಿಕೋದ ಟೈಲ್ಸ್ ಕೆಳಗಿತ್ತು. 1994ರಲ್ಲಿ ಮನೆ ಕಟ್ಟಿದಾಗ ಹೂತ ಪೈಪು. ಟೈಲ್ಸ್ ಹಾಕಿದ ಮೇಲೆ ಅದಕ್ಕೆ ಒಂದು ಚೊಂಬು ನೀರು ಬಿದ್ದಿಲ್ಲ. ಒಣಗಿ, ತುಕ್ಕು ಹಿಡಿದು ಯಾವಾಗಲೋ ಸತ್ತಿತ್ತು. ಎಷ್ಟೋ ವರ್ಷ ಫ್ರಿಜ್ಜು, ಗೀಸರು ಎಲ್ಲ ಅರ್ಥಿಂಗ್ ಇಲ್ಲದೆಯೇ ಓಡಿವೆ, ಯಾವುದೂ ಬಾಯಿಬಿಟ್ಟಿರಲಿಲ್ಲ. ಈ ಚಾರ್ಜರ್ ಒಂದೇ ಹಟ ಹಿಡಿದದ್ದು. ನನಗೆ ಆಗ ಅದರ ಮೇಲೆ ಸಿಟ್ಟಿಗಿಂತ ಗೌರವ ಬಂತು.

ಸಂಪಿನ ಪಕ್ಕದ ಮಣ್ಣಿನಲ್ಲಿ ಎಂಟು ಅಡಿ ಹೊಸ ಗುಂಡಿ. ಜಿಐ ಪೈಪು ಇಳಿಸಿ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು. ಆಳು ಸಿಗಲು ಎರಡು ದಿನ, ಅಗೆಯಲು ಒಂದು ದಿನ, ಮಳೆ ಬಂದು ಒಂದು ದಿನ. ಮೇನ್ ಬೋರ್ಡಿನಿಂದ ಕಾರಿಗೆಂದೇ ದಪ್ಪ ವೈರು, ಬೇರೆ ಎಂಸಿಬಿ, ಶಾಕ್ ಹೊಡೆಯದ ಹಾಗೆ ಆರ್‌ಸಿಸಿಬಿ. ಎಲ್ಲ ಸೇರಿ 7,800 ರೂಪಾಯಿ. ಕೊನೆಗೆ ಮೀಟರ್ ಇಟ್ಟರೆ ಒಂದೂವರೆ ವೋಲ್ಟ್. ಆ ಆರು ದಿನ ಫಾಸ್ಟ್ ಚಾರ್ಜರ್ ಹುಡುಕಿಕೊಂಡು ಹೋಗಿ, ಮನೆಯ ದರದ ಮೂರುಪಟ್ಟಿಗಿಂತ ಜಾಸ್ತಿ ಕೊಟ್ಟು ತುಂಬಿಸಿದೆ. ಪ್ರತಿ ಸಲವೂ ಬನಶಂಕರಿಯಿಂದ ಮೆಸೇಜು: "ಚಾರ್ಜ್ ಆಗ್ತಿದೆ ಸಾರ್, ಕಂಗ್ರಾಟ್ಸ್."

ಇಲ್ಲಿ ಹೊಸದು ಗೆದ್ದಿತು, ಒಪ್ಪಿಕೊಳ್ಳುತ್ತೇನೆ. ಭಾವಮೈದನ ಮನೆಗೆ ಕಾರು ಬರುವ ಮೊದಲೇ ಶೋರೂಮಿನ ಕಡೆಯವರು ಬಂದು ಮೀಟರ್ ಇಟ್ಟು ನೋಡಿ, ಅರ್ಥಿಂಗ್ ಸರಿಮಾಡಿಸಿ ಅಂತ ಹೇಳಿ ಹೋಗಿದ್ದರು. ಅವನ ಗೋಡೆ ಚಾರ್ಜರ್ ಒಂದು ಮಧ್ಯಾಹ್ನದಲ್ಲಿ ಕೂತಿತು. ಹಳೇ ಕಾರಿನ ಜೊತೆ ಆ ಮನುಷ್ಯ ಬರುವುದಿಲ್ಲ. ನೀವೇ ಕರೆಸಬೇಕು, ಅದೂ ಕಾರು ತರುವ ಮೊದಲೇ.

ಕರೆಂಟು ಬಿಲ್ಲಿನಲ್ಲಿ ಹಳೇದು ಹೊಸದು ಅಂತ ಭೇದವಿಲ್ಲ, ಆದರೂ ಹೇಳಲೇಬೇಕು. ನಮ್ಮ ಮನೆಗೆ ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುತ್ತಿತ್ತು, 115 ಯೂನಿಟ್ ಒಳಗೇ ಇದ್ದೆವು. ಕಾರಿಗೆ ತಿಂಗಳಿಗೆ 170 ಯೂನಿಟ್ ಬೇಕು. 200 ದಾಟಿತು, ಪೂರ್ತಿ ಬಿಲ್ಲು ನಮ್ಮ ತಲೆಗೆ. ಲೋಡ್ ಹೆಚ್ಚಿಸಿಕೊಂಡಿದ್ದರಿಂದ ನಿಗದಿತ ಶುಲ್ಕವೂ ಏರಿತು. ಈಗ ಸುಮಾರು 2,500 ಬರುತ್ತದೆ. "ಫ್ರೀ ಇದ್ದದ್ದನ್ನ ಕಳಕೊಂಡ್ರಲ್ಲ" ಅಂತ ಹೆಂಡತಿ ಇವತ್ತಿಗೂ ಅನ್ನುತ್ತಾಳೆ. ಪೆಟ್ರೋಲಿನ ಎಂಟು ಸಾವಿರ ಉಳಿದದ್ದು ಅವಳ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅದು ನನ್ನ ಜೇಬಿನಿಂದ ಹೋಗುತ್ತಿತ್ತು.

ಉಳಿದದ್ದು ಬೇಗ ಹೇಳುತ್ತೇನೆ. ಟೈರು: ಈವಿ ಭಾರ, ಬೇಗ ಸವೆಯುತ್ತದೆ. ನನ್ನವು ನಾಲ್ಕೂ ಮುಗಿದಿದ್ದವು, ಚೌಕಾಸಿ ಮಾಡಿ 25,000 ಇಳಿಸಿದೆ. ಸಾಲ: ಹಳೇ ಕಾರಿಗೆ ಬ್ಯಾಂಕಿನ ಬಡ್ಡಿ ಜಾಸ್ತಿ. ನಾನು ಮೂರು ಲಕ್ಷ ಮಾತ್ರ ಸೊಸೈಟಿಯಲ್ಲಿ ತೆಗೆದೆ, ಪೂರ್ತಿ ಸಾಲದ ಮೇಲೇ ತಗೊಳ್ಳುವವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ. ಪಂಚ್‌ನ ಸ್ಕ್ರೀನು, ಕ್ಯಾಮೆರಾ ಎಲ್ಲ ಚೆನ್ನಾಗಿವೆ. ಮೂರನೇ ದಿನದಿಂದ ನಾನು ನೋಡಲೇ ಇಲ್ಲ.

ದೂರದ ವಿಷಯದಲ್ಲಿ ಮಾತ್ರ ಪಂಚ್ ಮುಂದೆ. ಅದರಲ್ಲಿ ಹಳ್ಳಿಗೆ ಹೋಗಿ, ಅಲ್ಲಿ ಪ್ಲಗ್ ಮುಟ್ಟದೆ ವಾಪಸ್ ಬಂದೆ, ಶೇ 22 ಉಳಿದಿತ್ತು. ನನ್ನದರಲ್ಲಿ ಹೋಗುವಾಗಲೇ ಅರ್ಧ ಖಾಲಿ, ರಾತ್ರಿ ಹಳ್ಳಿಯಲ್ಲಿ ಚಾರ್ಜ್ ಮಾಡಲೇಬೇಕು. ತಿಂಗಳಿಗೆ ನಾಲ್ಕು ಸಲ ಮಂಗಳೂರು, ಹುಬ್ಬಳ್ಳಿ ಅಂತ ಓಡಾಡುವವರು, ಅಪಾರ್ಟ್‌ಮೆಂಟಿನಲ್ಲಿ ಸ್ವಂತ ಸಾಕೆಟ್ ಇಲ್ಲದವರು ನನ್ನ ಮಾತು ಕೇಳಬೇಡಿ, ದೊಡ್ಡ ಬ್ಯಾಟರಿಯದಕ್ಕೇ ಹೋಗಿ ಅಥವಾ ಕಾಯಿರಿ. ದಿನಕ್ಕೆ ನಲವತ್ತೈವತ್ತು ಕಿ.ಮೀ., ಸ್ವಂತ ಮನೆ, ಹತ್ತು ಲಕ್ಷದೊಳಗಿನ ಬಜೆಟ್ಟು ಅಂದರೆ ನಾನು ಹಳೇದನ್ನೇ ಹೇಳುತ್ತೇನೆ. ಆ ಆರು ಲಕ್ಷಕ್ಕೆ ಬೇರೆ ದಾರಿ ಬೇಕಾದಷ್ಟಿದೆ.

ಹಳ್ಳಿಯ ಮನೆಯಲ್ಲೂ ಮೊದಲ ಸಲ ಕೆಂಪು ದೀಪವೇ ಬಂದದ್ದು. ಈಗ ಅಲ್ಲೂ ಗುಂಡಿ ತೋಡಿಸಿದ್ದೇನೆ, ಹಿತ್ತಲಿನ ಬಾಳೆಗಿಡದ ಪಕ್ಕ. ಸಂಜೆ ವೋಲ್ಟೇಜು ಇಳಿದಿರುತ್ತದೆ, ಹನ್ನೊಂದರ ಮೇಲೆ ಹಾಕಿದರೆ ಬೆಳಿಗ್ಗೆಗೆ ಸಾಕಾಗುತ್ತದೆ. ಬೇಸಿಗೆಯಲ್ಲಿ ನಾನು ಬರುತ್ತೇನೆ ಅಂತ ಫೋನ್ ಮಾಡಿದರೆ ಅಪ್ಪ ಮೊದಲು ಹಿತ್ತಲಿಗೆ ಹೋಗಿ ಆ ಗುಂಡಿಗೆ ಎರಡು ಬಿಂದಿಗೆ ನೀರು ಹುಯ್ಯುತ್ತಾರೆ. "ನಿನ್ ಕಾರಿಗೆ ನೀರು ಕುಡಿಸಿದೀನಿ, ಬಾ" ಅನ್ನುತ್ತಾರೆ.