ಪಿಚೋಲಾ ಕೆರೆಯ ದೋಣಿವಿಹಾರ: ಕ್ಯಾಮೆರಾ ಹಿಡಿದು ಹೊರಡುವವರಿಗಾಗಿ

ಉದಯಪುರದಲ್ಲಿ ಕಳೆದ ನಾಲ್ಕು ದಿನಗಳಲ್ಲಿ ನಾನು ಪಿಚೋಲಾ ಕೆರೆಯ ದೋಣಿಯನ್ನು ಎರಡು ಬಾರಿ ಹತ್ತಿದೆ. ಒಮ್ಮೆ ಬೆಳಗಿನ ಹತ್ತರ ಸುಮಾರಿಗೆ, ಇನ್ನೊಮ್ಮೆ ಸಂಜೆ, ಹೊತ್ತು ಮುಳುಗುವುದಕ್ಕೆ ಸ್ವಲ್ಪ ಮೊದಲು. ಎರಡಕ್ಕೂ ಹಣ ತೆತ್ತವಳಾಗಿ ಹೇಳುವುದಾದರೆ, ಛಾಯಾಚಿತ್ರಕ್ಕಾಗಿಯೇ ಹೋಗುವವರು ಬೆಳಗಿನ ದೋಣಿಯನ್ನು ಬಿಟ್ಟುಬಿಡಬಹುದು. ಸಂಜೆಯದನ್ನು, ದರ ಹೆಚ್ಚಾಗಿದ್ದರೂ, ಬಿಡಬಾರದು.

ಕಾರಣ ಊರಿನ ಇರುವಿಕೆಯಲ್ಲೇ ಇದೆ. ಸಿಟಿ ಪ್ಯಾಲೇಸ್ ನಿಂತಿರುವುದು ಕೆರೆಯ ಪೂರ್ವ ದಂಡೆಯ ಮೇಲೆ, ಮತ್ತು ನೀರಿನ ಕಡೆಗಿರುವ ಅದರ ಮೋರೆ ಪಶ್ಚಿಮಕ್ಕಿದೆ. ಬೆಳಿಗ್ಗೆ ಸೂರ್ಯ ಅರಮನೆಯ ಹಿಂದಿನಿಂದ ಏರುವುದರಿಂದ, ಸುಮಾರು 244 ಮೀಟರ್ ಉದ್ದದ ಆ ಇಡೀ ಗೋಡೆ ನೆರಳಿನಲ್ಲಿ ಮಂಕಾಗಿರುತ್ತದೆ. ಆಕಾಶಕ್ಕೆ ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಅಳತೆ, ಅಂದರೆ ಎಕ್ಸ್‌ಪೋಷರ್ ಹೊಂದಿಸಿದರೆ ಅರಮನೆ ಕಪ್ಪಾಗುತ್ತದೆ, ಅರಮನೆಗೆ ಹೊಂದಿಸಿದರೆ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ನನ್ನ ಬೆಳಗಿನ ಚಿತ್ರಗಳಲ್ಲಿ ಮುಕ್ಕಾಲು ಪಾಲು ಹೀಗೆಯೇ ಹಾಳಾದವು. ಅದೇ ಗೋಡೆ ಸಂಜೆಯ ಓರೆ ಬಿಸಿಲಿಗೆ ತಿರುಗಿದಾಗ ಗೋಡೆಯಿಂದ ಹೊರಚಾಚಿದ ಪ್ರತಿಯೊಂದು ಕಿಟಕಿಮಾಡ, ಅಂದರೆ ಝರೋಖವೂ ತನ್ನ ಸಣ್ಣ ನೆರಳನ್ನು ಬೀಳಿಸಿ, ಶತಮಾನಗಳ ಕಾಲ ಒಬ್ಬರಾದ ಮೇಲೊಬ್ಬರು ಮಹಾರಾಣರು (ಮೇವಾಡದ ಅರಸರು) ಸೇರಿಸುತ್ತ ಹೋದ ಕಟ್ಟಡಗಳು ಒಂದೊಂದಾಗಿ ಬಿಡಿಸಿಕೊಂಡು ಕಾಣುತ್ತವೆ.

ಪಿಚೋಲಾ ಸಹಜ ಸರೋವರವಲ್ಲ. ನಮ್ಮ ಕಡೆಯ ಕೆರೆಗಳಂತೆ ಏರಿ ಕಟ್ಟಿ ನೀರು ನಿಲ್ಲಿಸಿದ ಕೆರೆ. 14ನೆಯ ಶತಮಾನದಲ್ಲಿ ಧಾನ್ಯ ಸಾಗಿಸುತ್ತಿದ್ದ ಒಬ್ಬ ಬಂಜಾರ ಇದನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಎರಡನೆಯ ಉದಯಸಿಂಹನು 16ನೆಯ ಶತಮಾನದಲ್ಲಿ ಇದರ ದಡದಲ್ಲಿ ಊರು ಕಟ್ಟಿ ಕೆರೆಯನ್ನೂ ಹಿಗ್ಗಿಸಿದ. ಸುಮಾರು 4 ಕಿಲೋಮೀಟರ್ ಉದ್ದ, 3 ಕಿಲೋಮೀಟರ್ ಅಗಲದ ಈ ನೀರಿನ ಹರಹಿನಲ್ಲಿ ನಾಲ್ಕು ದ್ವೀಪಗಳಿವೆ. ದೋಣಿಯವರು ಮುಖ್ಯವಾಗಿ ತೋರಿಸುವುದು ಜಗ್ ನಿವಾಸ ಮತ್ತು ಜಗ್ ಮಂದಿರಗಳನ್ನು. ಮೋಹನ ಮಂದಿರ ಮತ್ತು ಅರ್ಸಿ ವಿಲಾಸಗಳನ್ನು ದೂರದಿಂದ ಬೆರಳು ಮಾಡಿ ತೋರಿಸಿ ಮುಂದೆ ಸಾಗುತ್ತಾರೆ.

ದೋಣಿ ಸಿಗುವ ಕಡೆಗಳು ಒಂದಕ್ಕಿಂತ ಹೆಚ್ಚಿವೆ. ಅರಮನೆಯ ಆವರಣದ ರಾಮೇಶ್ವರ ಘಾಟ್‌ನಿಂದ ಹೊರಡುವವು ಒಂದು ಬಗೆ, ಲಾಲ್ ಘಾಟ್‌ನ ಕಡೆಯಿಂದ ಹೊರಡುವವು ಇನ್ನೊಂದು. ಟಿಕೆಟ್ ಕೊಳ್ಳುವ ಮೊದಲು ದೋಣಿ ಜಗ್ ಮಂದಿರದಲ್ಲಿ ನಿಲ್ಲುವುದೋ ಇಲ್ಲವೋ ಎಂದು ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಇಡೀ ವಿಹಾರದಲ್ಲಿ ಕಾಲು ನೆಲದ ಮೇಲಿಟ್ಟು ಅಲುಗಾಡದೆ ಚಿತ್ರ ತೆಗೆಯಲು ಸಿಗುವ ಜಾಗ ಅದೊಂದೇ. ನಾನು ಹೋದ ಎರಡರಲ್ಲಿ ಒಂದು ಕಡೆ ಟಿಕೆಟಿನ ಮೇಲಿದ್ದ ಹೊತ್ತಿಗೆ ದೋಣಿ ಹೊರಡಲಿಲ್ಲ. ಆಸನಗಳು ತುಂಬಲೆಂದು ಇಪ್ಪತ್ತು ನಿಮಿಷ ಕಾಯಿಸಿದರು. ಸಂಜೆಯ ಬೆಳಕನ್ನು ನಂಬಿ ಹೆಚ್ಚಿನ ದರ ಕೊಟ್ಟವರಿಗೆ ಇಪ್ಪತ್ತು ನಿಮಿಷ ಸಣ್ಣ ನಷ್ಟವಲ್ಲ. ಅಲ್ಲಿನ ಸಿಬ್ಬಂದಿಗೆ ಇದನ್ನು ವಿನಯದಿಂದಲೇ ತಿಳಿಸಿದೆ, ಇಲ್ಲಿಯೂ ದಾಖಲಿಸುತ್ತಿದ್ದೇನೆ.

ದೋಣಿ ಉತ್ತರಕ್ಕೆ ಸಾಗುವಾಗ ಅರಮನೆ ಬಲಗಡೆಗಿರುತ್ತದೆ, ಆದ್ದರಿಂದ ಬಲಬದಿಯ ಅಂಚಿನ ಆಸನ ಹಿಡಿಯಿರಿ. ಇಷ್ಟು ಹತ್ತಿರದಿಂದ ಇಡೀ ಮುಂಭಾಗ ಚೌಕಟ್ಟಿಗೆ ಬರಬೇಕಾದರೆ ಅಗಲ ನೋಟದ 24 ಮಿಲಿಮೀಟರ್ ಲೆನ್ಸ್ ಕೂಡ ಸಾಲದು. ನಾನು ಆ ಆಸೆ ಬಿಟ್ಟು ಕಿಟಕಿ, ಮೆಟ್ಟಿಲು, ಘಾಟ್‌ನಲ್ಲಿ ಬಟ್ಟೆ ಒಗೆಯುವವರನ್ನು ಬಿಡಿಬಿಡಿಯಾಗಿ ತೆಗೆದೆ. ಎಂಜಿನ್ನಿನ ನಡುಕ ಕೈಗೂ ಹತ್ತುವುದರಿಂದ ಶಟರ್ ವೇಗವನ್ನು 1/500 ಸೆಕೆಂಡಿಗಿಂತ ಕೆಳಗಿಳಿಸದಿರುವುದು ಕ್ಷೇಮ. ಕಡ್ಡಾಯವಾಗಿ ತೊಡಿಸುವ ಲೈಫ್ ಜಾಕೆಟ್ಟಿನ ಪಟ್ಟಿಗೂ ಕ್ಯಾಮೆರಾದ ಪಟ್ಟಿಗೂ ಗಂಟು ಬೀಳುತ್ತದೆ; ಜಾಕೆಟ್ ಮೊದಲು ತೊಟ್ಟು, ಕ್ಯಾಮೆರಾವನ್ನು ಅದರ ಮೇಲೆ ಹಾಕಿಕೊಳ್ಳಿ.

ಜಗ್ ನಿವಾಸವೆಂದರೆ ಎಲ್ಲರೂ ಬಲ್ಲ ಲೇಕ್ ಪ್ಯಾಲೇಸ್. ಎರಡನೆಯ ಜಗತ್ ಸಿಂಹನು 1743ರಿಂದ 1746ರವರೆಗೆ ಕಟ್ಟಿಸಿದ ಈ ಬಿಳಿ ಅಮೃತಶಿಲೆಯ ಬೇಸಿಗೆಯ ಅರಮನೆ ಇಂದು ಹೋಟೆಲು, ವಿಹಾರದ ದೋಣಿಗಳಿಂದ ಅಲ್ಲಿಗೆ ಇಳಿಯುವಂತಿಲ್ಲ. ದೂರದಿಂದ ತೆಗೆಯುವಾಗ ಹಿನ್ನೆಲೆಯ ಅರಾವಳಿ ಬೆಟ್ಟಗಳ ಕಪ್ಪು ಕ್ಯಾಮೆರಾದ ಬೆಳಕಳೆಯುವ ಮೀಟರನ್ನು ದಾರಿ ತಪ್ಪಿಸಿ, ಅಮೃತಶಿಲೆಯ ಕೆತ್ತನೆಯೆಲ್ಲ ಬಿಳಿಯ ಮುದ್ದೆಯಾಗಿಬಿಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕಿಳಿಯುವಷ್ಟು, ಇಳಿಸಿದ ಮೇಲೆ ನನಗೆ ಕಮಾನುಗಳ ಅಂಚು ದಕ್ಕಿತು. ದೋಣಿ ಅದರ ಪಶ್ಚಿಮಕ್ಕೆ ಸುತ್ತಿ ಹೋದರೆ ಬಿಸಿಲು ನಿಮ್ಮ ಬೆನ್ನ ಹಿಂದಿರುತ್ತದೆ. ಪೂರ್ವಕ್ಕೆ ಉಳಿದರೆ ಸಿಗುವುದು ನೆರಳುಚಿತ್ರ, ಅದೂ ಸೊಗಸೇ. ನಮ್ಮ ದೋಣಿಯ ಅಣ್ಣ, ಕೇಳಿಕೊಂಡಾಗ, ಸ್ವಲ್ಪ ಹೊತ್ತು ಎಂಜಿನ್ ತಗ್ಗಿಸಿ ನಿಲ್ಲಿಸಿದರು. ಆ ಎರಡು ನಿಮಿಷಗಳಿಗೆ ನಾನು ಅವರಿಗೆ ಋಣಿ.

ಜಗ್ ಮಂದಿರಕ್ಕೆ ನನ್ನ ಪೂರ್ಣ ಅಂಕ. ನೀರಿನಂಚಿನಲ್ಲಿ ಸಾಲಾಗಿ ನಿಂತ ಕಲ್ಲಿನ ಆನೆಗಳ ಹಿಂದೆ ಸಂಜೆಯ ಕೆರೆ, ಅದರಾಚೆ ಇಡೀ ಸಿಟಿ ಪ್ಯಾಲೇಸ್ ಒಂದೇ ಚೌಕಟ್ಟಿನಲ್ಲಿ: ದೋಣಿಯಿಂದ ದಕ್ಕದ ಚಿತ್ರ ಇಲ್ಲಿ ದಕ್ಕುತ್ತದೆ. ತಂದೆ ಜಹಾಂಗೀರನ ವಿರುದ್ಧ ದಂಗೆಯೆದ್ದ ರಾಜಕುಮಾರ ಖುರ್ರಂ, ಮುಂದೆ ಷಾಹಜಹಾನ್ ಆದವನು, ಆಶ್ರಯ ಪಡೆದದ್ದು ಈ ದ್ವೀಪದಲ್ಲಿ. 1857ರ ಸಿಪಾಯಿ ದಂಗೆಯಲ್ಲಿ ನೀಮಚ್‌ನ ಸೇನಾ ಠಾಣೆಯಿಂದ ಓಡಿಬಂದ ಐರೋಪ್ಯ ಹೆಂಗಸರು ಮಕ್ಕಳಿಗೂ ಮಹಾರಾಣಾ ಸ್ವರೂಪ ಸಿಂಹನು ಇಲ್ಲಿಯೇ ನೆಲೆ ಕೊಟ್ಟನು. ಗುಲ್ ಮಹಲಿನ ಗುಮ್ಮಟದಡಿ ನಿಂತಾಗ ಇದೆಲ್ಲ ನೆನಪಾಗಿ, ಕ್ಯಾಮೆರಾ ಕೆಳಗಿಳಿಸಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ.

ದೋಣಿಯಿಂದ ಆಗದ ಒಂದು ಕೆಲಸವೆಂದರೆ ಪ್ರತಿಬಿಂಬ. ಎದುರುಬದುರಾಗಿ ಓಡುವ ದೋಣಿಗಳ ಅಲೆ ನೀರನ್ನು ನಿಲ್ಲಗೊಡುವುದಿಲ್ಲ. ಅದಕ್ಕಾಗಿ ನಾನು ಮರುದಿನ, ದೋಣಿಗಳು ಇನ್ನೂ ಕದಲದ ಮುಂಜಾನೆಯಲ್ಲಿ, ಎದುರು ದಂಡೆಯ ಅಂಬ್ರಾಯ್ ಘಾಟ್‌ನಲ್ಲಿ ಕುಳಿತೆ. ಟಿಕೆಟ್ ಕೊಳ್ಳದೆಯೇ ಗೋಪುರಗಳೆಲ್ಲ ತಲೆಕೆಳಗಾಗಿ ನೀರಿನಲ್ಲಿ ಸಿಕ್ಕವು. ಅದೇ ಘಾಟ್‌ಗೆ ಸಂಜೆಯೂ ಹೋದೆ. ಒಂಟಿ ಹೆಂಗಸಾಗಿ ಕತ್ತಲಾದ ಮೇಲೂ ಟ್ರೈಪಾಡ್ ಹಾಕಿಕೊಂಡು ಕುಳಿತಿರಲು ನನಗೆ ಅಲ್ಲಿ ಅಳುಕಾಗಲಿಲ್ಲ, ಸುತ್ತ ಕುಟುಂಬಗಳು, ಹಾಡುವ ಹುಡುಗರು ಇದ್ದರು.

ಮುಂದಿನ ಸಲ ಮಳೆಗಾಲ ಮುಗಿದು ಕೆರೆ ತುಂಬಿರುವಾಗ ಬರುವುದೆಂದು ನಿರ್ಧರಿಸಿದ್ದೇನೆ. ಆಗಲೂ ಸಂಜೆಯ ದೋಣಿಗೇ ಟಿಕೆಟ್ ಕೊಳ್ಳುತ್ತೇನೆ, ಜಗ್ ಮಂದಿರದಲ್ಲಿ ಆದಷ್ಟು ಹೆಚ್ಚು ಹೊತ್ತು ಉಳಿಯುತ್ತೇನೆ, ಮತ್ತು ಈ ಬಾರಿ ಚೀಲದಿಂದ ಒಮ್ಮೆಯೂ ಹೊರಬಾರದ ದೂರದ್ದನ್ನು ಹತ್ತಿರ ತೋರಿಸುವ ಭಾರದ ಟೆಲಿ ಲೆನ್ಸನ್ನು ಮನೆಯಲ್ಲೇ ಬಿಟ್ಟುಹೋಗುತ್ತೇನೆ.